ನಿಂತ ಟ್ರಾಕ್ಟರಿಗೆ ಎರಡು ಕಾಯಿಲೆ: ಹಳೆ ಮ್ಯಾಸಿಯನ್ನು ಮತ್ತೆ ಹೊಲಕ್ಕಿಳಿಸುವ ಕೈಪಿಡಿ

ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಟ್ರಾಕ್ಟರಿಗೆ ಎರಡು ಥರದ ಕಾಯಿಲೆ ಇರುತ್ತೆ. ನಿಂತದ್ದರಿಂದ ಬಂದ ಕಾಯಿಲೆ ಒಂದು: ಬ್ಯಾಟರಿ ಸತ್ತಿರುತ್ತೆ, ಟ್ಯಾಂಕಿನ ತಳದಲ್ಲಿ ನೀರು ಕೂತಿರುತ್ತೆ, ಕ್ಲಚ್ ಪ್ಲೇಟು ಹಿಡಿದುಕೊಂಡಿರುತ್ತೆ, ಇಲಿ ವೈರು ಕಡಿದಿರುತ್ತೆ. ಅದನ್ನು ನಿಲ್ಲಿಸಿದ ಕಾಯಿಲೆ ಇನ್ನೊಂದು. ಮೊದಲನೆಯದು ಕಣ್ಣಿಗೆ ಕಾಣುತ್ತೆ, ಹಾಗಾಗಿ ಎಲ್ಲರೂ ಅದರ ಹಿಂದೆಯೇ ಬೀಳುತ್ತಾರೆ. ಎರಡನೆಯದು ಒಳಗೇ ಕೂತಿದ್ದು, ಇಂಜಿನ್ ಸ್ಟಾರ್ಟ್ ಆಗಿ, ಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ಮೇಲೆ ಎದ್ದು ಬರುತ್ತೆ.

ನಮ್ಮದು ಮೂರು ಸಿಲಿಂಡರಿನ ಹಳೆ ಮ್ಯಾಸಿ ಫರ್ಗುಸನ್ 1035 ಟ್ರಾಕ್ಟರ್. ಶ್ರೀನಿವಾಸಪುರದ ಕಡೆ ದೊಡ್ಡಪ್ಪನ ಮಾವಿನ ತೋಪಿನ ಶೆಡ್ಡಿನಲ್ಲಿ ಒಂಬತ್ತು ವರ್ಷ ನಿಂತಿತ್ತು. ಸಾವಿರ ಅಡಿ ಕೊರೆಸಿದರೂ ಬೋರಿನಲ್ಲಿ ಬರೀ ಧೂಳೇ ಎದ್ದ ವರ್ಷಗಳಲ್ಲಿ ಉಳುಮೆ ಕೈಬಿಟ್ಟವರಲ್ಲಿ ಅವರೂ ಒಬ್ಬರು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು) ಕೋಲಾರದ ಕೆರೆಗಳಿಗೆ ಬರತೊಡಗಿದ ಮೇಲೆ ಸುತ್ತಮುತ್ತ ಬೋರುಗಳಲ್ಲಿ ಮತ್ತೆ ನೀರು ಕಂಡಿತು. ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ಕೇಳಿಕೊಂಡು ಬಂದ ದಿನವೇ ದೊಡ್ಡಪ್ಪ ನನಗೆ ಫೋನು ಮಾಡಿದ್ದು. ಯುಗಾದಿ ಕಳೆದಿತ್ತು. ರಾಗಿಗೆ ಹೊಲ ಹದ ಮಾಡುವ ಹೊತ್ತಿಗೆ ಗಾಡಿ ತಯಾರಾಗಬೇಕಿತ್ತು.

ನಾನು ಮಾಡಿದ್ದು, ಮಾಡಬಾರದಿದ್ದದ್ದು ಎರಡೂ ಇಲ್ಲಿದೆ. ಬೇರೆ ಕಂಪನಿಯ ಹಳೆ ಟ್ರಾಕ್ಟರಾದರೂ ಹುಡುಕುವ ಕ್ರಮ ಹೆಚ್ಚುಕಡಿಮೆ ಇದೇ.

ಪಾನಾ ಹಿಡಿಯುವ ಮುಂಚೆ ಕೇಳಬೇಕಾದದ್ದು

ಕಡೇ ಸಲ ಏನು ಕೆಲಸ ಮಾಡಿತು, ಯಾರು ಓಡಿಸಿದರು, ಆಗ ಹೊಗೆ ಯಾವ ಬಣ್ಣಕ್ಕಿತ್ತು, ಆಯಿಲ್ ಎಷ್ಟು ದಿನಕ್ಕೊಮ್ಮೆ ಹಾಕುತ್ತಿದ್ದರು, ಬೆಳಗ್ಗೆ ಸೆಲ್ಫಿಗೇ (ಸ್ಟಾರ್ಟರ್ ಮೋಟರಿಗೇ) ಎದ್ದೇಳುತ್ತಿತ್ತೋ ಇಲ್ಲಾ ತಳ್ಳಬೇಕಿತ್ತೋ? ಇದನ್ನು ಮನೆಯಲ್ಲಿ ಒಬ್ಬರನ್ನಲ್ಲ, ಎಲ್ಲರನ್ನೂ ಕೇಳಿ. ಓಡಿಸಿದವರು ನಿಜ ಹೇಳುವುದು ಕಷ್ಟ. ದೊಡ್ಡಪ್ಪ ಹೇಳಿದ್ದು, "ಚೆನ್ನಾಗೇ ಓಡ್ತಿತ್ತು ಕಣೋ, ಓಡ್ಸೋರಿಲ್ದೆ ನಿಂತೋಯ್ತು" ಅಂತ. ಪಕ್ಕದಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದ ದೊಡ್ಡಮ್ಮ ತಲೆ ಎತ್ತದೆಯೇ ಅಂದರು: "ಅದಕ್ಕೆ ಬಾಯಾರಿಕೆ ಜಾಸ್ತಿ ಕಣಪ್ಪ. ಉಳೋಕ್ ಹೋದ್ರೆ ದಿನಕ್ಕೆರಡು ಬಿಂದಿಗೆ ನೀರು ನಾನೇ ಹೊತ್ಕೊಂಡೋಗಿ ಕೊಡ್ತಿದ್ದೆ." ನಾನು ನಕ್ಕು ಸುಮ್ಮನಾದೆ. ಆ ಮಾತನ್ನು ಅವತ್ತೇ ಬರೆದಿಟ್ಟುಕೊಂಡಿದ್ದರೆ ಮೂರು ವಾರ ಉಳಿಯುತ್ತಿತ್ತು.

ಇನ್ನೊಂದು, ಖರ್ಚಿಗೆ ಕೈಹಾಕುವ ಮುಂಚೆ ಆರ್.ಸಿ. ಪುಸ್ತಕ ಟ್ರಂಕಿನಿಂದ ತೆಗೆಸಿ ನೋಡಿ. ಹದಿನೈದು ವರ್ಷ ದಾಟಿದ ಗಾಡಿಗೆ ಆರ್.ಟಿ.ಒ.ದಲ್ಲಿ ನವೀಕರಣ ಆಗಬೇಕು. ಕಾಗದವೇ ಇಲ್ಲದ ಗಾಡಿಗೆ ಹೊಸ ಟೈರು ಹಾಕಿಸಿ ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಬಾನೆಟ್ ಎತ್ತಿದ ಮೇಲೆ

ಕೋಲಿನಿಂದ ತಟ್ಟಿ, ಆಮೇಲೆ ಎತ್ತಿ. ಇಲಿ ಇದ್ದಲ್ಲಿ ಹಾವೂ ಇರುತ್ತೆ. ನಮ್ಮದರಲ್ಲಿ ಹಾವಿರಲಿಲ್ಲ, ಏರ್ ಕ್ಲೀನರಿನ ಪೈಪಿನೊಳಗೆ ಇಲಿ ಗೂಡು, ಹಳೇ ಸೀರೆಯ ಚೂರು, ಒಂದು ಹಿಡಿ ರಾಗಿ ಇತ್ತು. ಸ್ಟಾರ್ಟ್ ಮಾಡಿದ್ದರೆ ಅಷ್ಟೂ ನೇರವಾಗಿ ಸಿಲಿಂಡರಿನ ಬಾಯಿಗೆ ಹೋಗುತ್ತಿತ್ತು. ಏರ್ ಕ್ಲೀನರ್ ಬಟ್ಟಲು ಬಿಚ್ಚಿ, ಒಳಗಿನ ಹಳೇ ಆಯಿಲ್ ಗಟ್ಟಿಯಾಗಿ ಹಲ್ವದ ಹಾಗೆ ಆಗಿದ್ದರೆ ಕೆರೆದು, ಡೀಸೆಲ್‌ನಲ್ಲಿ ತೊಳೆದು, ಗುರುತಿನವರೆಗೆ ಹೊಸ ಆಯಿಲ್ ಹಾಕಿ.

ಮುಖ್ಯವಾಗಿ ಸೈಲೆನ್ಸರ್ ನೋಡಿ. ನೆಟ್ಟಗೆ ಮೇಲಕ್ಕೆ ನಿಂತ ಸೈಲೆನ್ಸರಿನ ಬಾಯಿ ತೆರೆದೇ ಇದ್ದು, ಶೆಡ್ಡಿನ ಶೀಟು ತೂತಾಗಿದ್ದರೆ, ಮಳೆ ನೀರು ನೇರವಾಗಿ ಇಳಿಯುತ್ತೆ. ನಿಂತ ಗಳಿಗೆಯಲ್ಲಿ ಯಾವ ಸಿಲಿಂಡರಿನ ವಾಲ್ವ್ ತೆರೆದಿತ್ತೋ ಅದರೊಳಕ್ಕೇ ಹೋಗುತ್ತೆ. ಒಂದು ತೆಂಗಿನ ಚಿಪ್ಪು ಕವುಚಿ ಹಾಕಿದ್ದರೆ ಸಾಕಿತ್ತು. ನಮ್ಮ ದೊಡ್ಡಪ್ಪ ಆ ಪುಣ್ಯ ಮಾಡಿದ್ದರು, ಚಿಪ್ಪಿನೊಳಗೆ ಕಡಜ ಗೂಡು ಕಟ್ಟಿತ್ತು ಅಷ್ಟೇ.

ಡಿಪ್ ಕಡ್ಡಿ ತೆಗೆದು ನೋಡಿ. ಆಯಿಲ್ ಮಜ್ಜಿಗೆ ಬಣ್ಣಕ್ಕಿದ್ದರೆ ನೀರು ಸೇರಿದೆ. ಮಟ್ಟ ಮೇಲಿನ ಗೆರೆ ದಾಟಿದ್ದರೆ ಡೀಸೆಲ್ಲೋ ನೀರೋ ಇಳಿದಿದೆ, ಯಾಕೆಂದರೆ ಆಯಿಲ್ ತಾನಾಗಿ ಹೆಚ್ಚಾಗುವುದಿಲ್ಲ. ಕಡ್ಡಿಯಲ್ಲಿ ಆಯಿಲ್ ಚೆನ್ನಾಗಿ ಕಂಡರೂ ಮೋಸಹೋಗಬೇಡಿ. ಒಂಬತ್ತು ವರ್ಷ ಅಲುಗದೆ ನಿಂತ ನೀರು ಆಯಿಲ್‌ನಿಂದ ಬೇರೆಯಾಗಿ ಚೇಂಬರಿನ ತಳಕ್ಕೆ ಇಳಿದಿರುತ್ತೆ. ಡ್ರೈನ್ ಬೋಲ್ಟನ್ನು ಪೂರ್ತಿ ಬಿಚ್ಚದೆ ನಿಧಾನಕ್ಕೆ ಸಡಿಲ ಮಾಡಿ, ಕೆಳಗೆ ಗಾಜಿನ ಲೋಟ ಹಿಡಿಯಿರಿ. ಮೊದಲು ಬರುವುದು ನೀರೋ ಆಯಿಲ್ಲೋ ಅಲ್ಲೇ ಗೊತ್ತಾಗುತ್ತೆ. ನಮ್ಮದರಲ್ಲಿ ಎರಡು ಚಮಚದಷ್ಟು ನೀರು ಬಂತು, ಆಮೇಲೆ ಕಪ್ಪು ಆಯಿಲ್. ಅಷ್ಟು ನೀರು ಹವೆಯ ತೇವದಿಂದಲೂ ಕೂಡುತ್ತೆ, ಅದಕ್ಕೆ ಹೆದರಬೇಕಿಲ್ಲ. ಲೋಟ ತುಂಬ ಬಂದರೆ ಹೆದರಬೇಕು.

ಇಂಜಿನ್ ಕೈಯಲ್ಲಿ ತಿರುಗುತ್ತಾ?

ಬ್ಯಾಟರಿ ತರುವ ಮುಂಚಿನ ಪರೀಕ್ಷೆ ಇದು. ಗೇರು ನ್ಯೂಟ್ರಲ್‌ಗೆ ಹಾಕಿ, ಡೀಸೆಲ್ ಸ್ಟಾಪ್ ಹಿಡಿಕೆ ಎಳೆದಿಟ್ಟು, ಮುಂದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ದೊಡ್ಡ ಪಾನಾ ಕೊಟ್ಟು ತಿರುಗಿಸಿ. ಪಾನಾ ಎಟಕದಿದ್ದರೆ ಟಾಪ್ ಗೇರಿಗೆ ಹಾಕಿ ಹಿಂದಿನ ದೊಡ್ಡ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ.

ಅಲುಗದಿದ್ದರೆ ತಕ್ಷಣ "ಸೀಜ್ ಆಗಿದೆ, ಸಿಲಿಂಡರ್ ಕೊರೆಸಬೇಕು" ಎನ್ನುವ ತೀರ್ಪಿಗೆ ಬರಬೇಡಿ. ಸೆಲ್ಫ್ ಮೋಟರಿನ ಹಲ್ಲು ಫ್ಲೈವೀಲಿನ ರಿಂಗಿಗೆ ಕಚ್ಚಿಕೊಂಡಿದ್ದರೂ ಇಂಜಿನ್ ತಿರುಗುವುದಿಲ್ಲ. ಸೆಲ್ಫಿನ ಬೋಲ್ಟು ಸಡಿಲಿಸಿ ಮತ್ತೆ ನೋಡಿ. ಆಗಲೂ ಅಲುಗದಿದ್ದರೆ ಪಿಸ್ಟನ್ನಿನ ರಿಂಗುಗಳು ಲೈನರಿಗೆ (ಸಿಲಿಂಡರಿನ ಒಳಗೋಡೆಗೆ) ತುಕ್ಕು ಹಿಡಿದು ಅಂಟಿವೆ. ನಾಝಲ್‌ಗಳನ್ನು (ಡೀಸೆಲ್ ಸಿಂಪಡಿಸುವ ಮೂತಿಗಳನ್ನು) ಬಿಚ್ಚಿ, ಆ ತೂತಿನಿಂದ ಪ್ರತಿ ಸಿಲಿಂಡರಿಗೂ ಅರ್ಧ ಡೀಸೆಲ್ ಅರ್ಧ ಇಂಜಿನ್ ಆಯಿಲ್ ಬೆರೆಸಿದ್ದನ್ನು ಒಂದು ಸಣ್ಣ ಲೋಟದಷ್ಟು ಬಿಡಿ. ಎರಡು ಮೂರು ದಿನ ಬಿಟ್ಟು, ಒಂದೇ ಕಡೆಗೆ ಎಳೆಯದೆ ಹಿಂದಕ್ಕೂ ಮುಂದಕ್ಕೂ ಸ್ವಲ್ಪಸ್ವಲ್ಪವೇ ಆಡಿಸಿ. ನಮ್ಮದು ಮೂರನೇ ದಿನ ಸಂಜೆ "ಕಿರ್ರ್" ಎಂದು ಒಂದು ಬೆರಳಷ್ಟು ಸರಿಯಿತು. ಇನ್ನೊಂದು ಸುತ್ತು ಡೀಸೆಲ್ ಆಯಿಲ್ ಬಿಟ್ಟು ರಾತ್ರಿ ನೆನೆಯಲು ಬಿಟ್ಟೆವು. ಬೆಳಗ್ಗೆ ಪೂರ್ತಿ ಸುತ್ತು ಬಂತು.

ನಮ್ಮ ಊರುಗಳಲ್ಲಿ ಮಾಡುವ ದೊಡ್ಡ ತಪ್ಪು, ಇನ್ನೊಂದು ಟ್ರಾಕ್ಟರಿಗೆ ಸರಪಳಿ ಕಟ್ಟಿ ಎಳೆದು ಗೇರು ಬಿಡುವುದು. ಸಿಲಿಂಡರಿನಲ್ಲಿ ಒಂದು ಲೋಟ ನೀರೋ ಆಯಿಲ್ಲೋ ನಿಂತಿದ್ದರೂ ಸಾಕು. ಗಾಳಿಯ ಹಾಗೆ ನೀರನ್ನು ಅದುಮಲಾಗದು. ಪಿಸ್ಟನ್ ಮೇಲೆ ಬರಲೇಬೇಕು, ನೀರು ಜಾಗ ಬಿಡುವುದಿಲ್ಲ, ನಡುವೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ನಾಝಲ್ ಬಿಚ್ಚಿ ಇಟ್ಟು ತಿರುಗಿಸಿದರೆ ಒಳಗಿದ್ದದ್ದು ಚಿಮ್ಮಿ ಹೊರಗೆ ಬರುತ್ತೆ. ಆ ಹೊತ್ತಿಗೆ ಮುಖವನ್ನು ತೂತಿನ ಮೇಲೆ ಇಟ್ಟುಕೊಂಡು ಬಗ್ಗಿ ನೋಡಬೇಡಿ.

ಹೀಗೆ ಕೈಯಲ್ಲಿ ಇಂಜಿನ್ ತಿರುಗಿಸುವಾಗಲೇ ಟಪ್ಪೆಟ್ ಕವರ್ (ವಾಲ್ವ್ ಮೇಲಿನ ಮುಚ್ಚಳ) ತೆಗೆದು ನೋಡಿ. ಒಬ್ಬರು ತಿರುಗಿಸುತ್ತಿದ್ದರೆ ಇನ್ನೊಬ್ಬರು ಆರು ವಾಲ್ವ್‌ಗಳೂ ಕೆಳಗೆ ಹೋಗಿ ಮೇಲೆ ಬರುತ್ತಿವೆಯೇ ಎಂದು ಎಣಿಸಬೇಕು. ಕೆಳಗೆ ಹೋದದ್ದು ಅಲ್ಲೇ ಉಳಿದರೆ ಗೈಡಿನಲ್ಲಿ ಸಿಕ್ಕಿಕೊಂಡಿದೆ. ಹಾಗೇ ಸ್ಟಾರ್ಟ್ ಮಾಡಿದರೆ ಪುಶ್ ರಾಡ್ ಬಗ್ಗುತ್ತೆ, ಕೆಲವು ಇಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವಿಗೇ ಬಡಿಯುತ್ತೆ. ನಮ್ಮದರಲ್ಲಿ ಒಂದು ಹೀಗಿತ್ತು. ಡೀಸೆಲ್ ಹನಿಸುತ್ತಾ, ಮರದ ತುಂಡಿಟ್ಟು ಮೆಲ್ಲಗೆ ತಟ್ಟುತ್ತಾ ಒಂದು ಮಧ್ಯಾಹ್ನ ಹಿಡಿಯಿತು. ಕವರ್ ಮುಚ್ಚುವ ಮುಂಚೆ ಅರ್ಧ ಲೀಟರ್ ಹೊಸ ಆಯಿಲನ್ನು ರಾಕರ್‌ಗಳ ಮೇಲೆ ಸುರಿಯಿರಿ. ವರ್ಷಗಟ್ಟಲೆ ಒಣಗಿದ ಭಾಗಗಳಿಗೆ ಮೊದಲ ಸುತ್ತಿನಲ್ಲಿ ಅದೇ ಆಸರೆ.

ಸೆಲ್ಫ್ "ಟಕ್" ಅಂದು ಸುಮ್ಮನಾದರೆ

ಇಲ್ಲಿ ಎಲ್ಲರೂ ಸೆಲ್ಫ್ ಮೋಟರ್ ಬಿಚ್ಚಿಕೊಂಡು ಅಂಗಡಿಗೆ ಓಡುತ್ತಾರೆ. ಅದಕ್ಕೂ ಮುಂಚೆ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಲೈಟು ಪೂರ್ತಿ ಮಂಕಾದರೆ ಬ್ಯಾಟರಿಯಲ್ಲಿ ಜೀವವಿಲ್ಲ, ಇಲ್ಲಾ ಅದರ ಸಂಪರ್ಕ ಕೆಟ್ಟಿದೆ. ಲೈಟು ಹಾಗೇ ಉರಿಯುತ್ತಿದ್ದು ಸೆಲ್ಫ್ ಅಲುಗದಿದ್ದರೆ ಕರೆಂಟು ಅಲ್ಲಿಗೆ ತಲುಪುತ್ತಿಲ್ಲ. ಮೀಟರ್ ಇದ್ದರೆ ಇನ್ನೂ ಸುಲಭ. ಚಾರ್ಜ್ ಆಗಿ ಸುಮ್ಮನಿರುವ ಬ್ಯಾಟರಿ 12.6 ವೋಲ್ಟ್ ತೋರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ರಾತ್ರಿಯೆಲ್ಲ ಚಾರ್ಜಿಗೆ ಇಟ್ಟರೂ 10.5ರ ಹತ್ತಿರವೇ ನಿಂತರೆ ಒಂದು ಸೆಲ್ ಸತ್ತಿದೆ. ಅದಕ್ಕೆ ಆಸಿಡ್ ಬದಲಾಯಿಸಿ ಉಪಯೋಗವಿಲ್ಲ.

ನಮ್ಮದರಲ್ಲಿ ಹೊಸ ಬ್ಯಾಟರಿ ಹಾಕಿದರೂ "ಟಕ್". ತಪ್ಪು ಇದ್ದದ್ದು ಅರ್ತ್ ಪಟ್ಟಿಯಲ್ಲಿ, ಅಂದರೆ ಬ್ಯಾಟರಿಯನ್ನು ಗಾಡಿಯ ಮೈಗೆ ಜೋಡಿಸುವ ಪಟ್ಟಿಯಲ್ಲಿ. ಯಾವುದೋ ಕಾಲದಲ್ಲಿ ಗಾಡಿಗೆ ಪೇಂಟ್ ಹೊಡೆಸುವಾಗ ಅದರ ಬೋಲ್ಟಿನ ಜಾಗಕ್ಕೂ ಕೆಂಪು ಬಳಿದಿದ್ದರು, ಮೇಲೆ ತುಕ್ಕು. ಸೆಲ್ಫ್ ಎಳೆಯುವುದು ನೂರಾರು ಆಂಪಿಯರ್. ಲೈಟಿಗೆ ಸಾಕಾಗುವ ಸಂಪರ್ಕ ಸೆಲ್ಫಿಗೆ ಏನಕ್ಕೂ ಸಾಲದು. ಮರಳು ಕಾಗದದಿಂದ ಬರೀ ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಬಳಿದ ಮೇಲೆ ಸರಿಯಾಯಿತು.

ಸ್ಕ್ರೂಡ್ರೈವರ್ ಇಟ್ಟು ಸೆಲ್ಫಿನ ಎರಡು ಬೋಲ್ಟು ಶಾರ್ಟ್ ಮಾಡಿ ಸ್ಟಾರ್ಟ್ ಮಾಡುವ ಚಾಳಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆಗ ನೀವು ನಿಂತಿರುವುದು ಹಿಂದಿನ ದೊಡ್ಡ ಚಕ್ರದ ಮುಂದೆ. ಗೇರು ಬಿದ್ದಿದ್ದರೆ ಗಾಡಿ ಎದ್ದ ಕ್ಷಣವೇ ಮೈಮೇಲೆ ಬರುತ್ತೆ.

ಡೀಸೆಲ್ ದಾರಿ

ಸೆಲ್ಫ್ ಚೆನ್ನಾಗಿ ತಿರುಗಿಸುತ್ತಿದೆ, ಇಂಜಿನ್ ಎದ್ದೇಳುತ್ತಿಲ್ಲ. ಈಗ ಸೈಲೆನ್ಸರ್ ಕಡೆ ನೋಡಿ. ಹೊಗೆ ಬರುತ್ತಿದೆಯಾ? ಎಂಥ ಹೊಗೆಯೂ ಬರದಿದ್ದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಲೇ ಇಲ್ಲ. ಬಿಳಿ ಹೊಗೆ ಬಂದು ಡೀಸೆಲ್ ವಾಸನೆ ಹೊಡೆದರೆ ಹೋಗುತ್ತಿದೆ, ಉರಿಯುತ್ತಿಲ್ಲ. ಇದೊಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ದಿನದ ಕೆಲಸ ಉಳಿಯುತ್ತೆ.

ಹೊಗೆ ಇಲ್ಲ ಅಂದುಕೊಳ್ಳೋಣ. ಎಲ್ಲಕ್ಕಿಂತ ಮೊದಲು ಸ್ಟಾಪ್ ಹಿಡಿಕೆ. ಸೀಟಿನ ಹತ್ತಿರದ ಹಿಡಿಕೆ ಒಳಗೆ ಹೋಗಿದ್ದರೂ, ಒಳಗಿನ ಕೇಬಲ್ ತುಕ್ಕು ಹಿಡಿದು, ನಾಝಲಿಗೆ ಡೀಸೆಲ್ ತಳ್ಳುವ ಪಂಪಿನ ಮೇಲಿನ ಸಣ್ಣ ಕಡ್ಡಿ ಸ್ಟಾಪ್ ಜಾಗದಲ್ಲೇ ಉಳಿದಿರಬಹುದು. ಪಂಪಿನ ಹತ್ತಿರ ಬಗ್ಗಿ ಕಣ್ಣಾರೆ ನೋಡಬೇಕು. ಇಡೀ ದಿನ ಡೀಸೆಲ್ ಪೈಪಿನಲ್ಲಿ ಸಿಕ್ಕಿದ ಗಾಳಿ (ಏರ್) ತೆಗೆದು ಸುಸ್ತಾಗಿ ಕಡೆಗೆ ಇದನ್ನು ಕಂಡುಹಿಡಿದವರು ಬಹಳ ಜನ.

ಆಮೇಲೆ ಟ್ಯಾಂಕಿನಿಂದ ಶುರುಮಾಡಿ, ನಡುವಿನಿಂದ ಅಲ್ಲ. ಹಳೇ ಡೀಸೆಲನ್ನು "ಚೆನ್ನಾಗೇ ಇದೆ" ಎಂದು ಉಳಿಸಿಕೊಳ್ಳಬೇಡಿ. ತಳದಲ್ಲಿ ಕೂತ ನೀರಿಗೂ ಮೇಲಿನ ಡೀಸೆಲ್‌ಗೂ ನಡುವೆ ಒಂಥರಾ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆ ಕಟ್ಟುತ್ತೆ. ಕೆರೆಯ ಪಾಚಿಯಂತೆ ಜಾರುವ ಆ ಲೋಳೆ ಫಿಲ್ಟರಿಗೆ ಅಂಟಿದರೆ ಡೀಸೆಲ್ ಹನಿಯೂ ದಾಟದು. ಟ್ಯಾಂಕ್ ಇಳಿಸಿ, ಒಳಗೆ ಒಂದು ಹಿಡಿ ನಟ್ಟು ಬೋಲ್ಟು ಹಾಕಿ ಡೀಸೆಲ್ ಬಿಟ್ಟು ಕುಲುಕಿ ತೊಳೆಯಿರಿ. ಹಾಕಿದ ನಟ್ಟು ಎಣಿಸಿಟ್ಟುಕೊಳ್ಳಿ, ತೆಗೆಯುವಾಗ ಲೆಕ್ಕ ಸರಿಬರಬೇಕು. ಫಿಲ್ಟರ್‌ಗಳು ಎರಡೂ ಹೊಸವು, ಅವುಗಳ ರಬ್ಬರ್ ವಾಷರೂ ಹೊಸವು. ಹಳೇ ವಾಷರಿನಿಂದ ಡೀಸೆಲ್ ಹೊರಕ್ಕೆ ಸೋರದಿದ್ದರೂ ಗಾಳಿ ಒಳಕ್ಕೆ ಎಳೆಯಬಹುದು.

ಏರ್ ತೆಗೆಯುವ ಕ್ರಮ ಹೀಗೆ. ಟ್ಯಾಂಕಿನ ನಲ್ಲಿ ಬಿಟ್ಟು, ಫೀಡ್ ಪಂಪಿನ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪಿನ) ಕೈ ಹಿಡಿಕೆ ಒತ್ತುತ್ತಾ ಹೋಗಿ. ಹಿಡಿಕೆ ಸಡಿಲವಾಗಿ ಆಡುತ್ತಿದ್ದು ಒತ್ತಡವೇ ಸಿಗದಿದ್ದರೆ ಫೀಡ್ ಪಂಪ್ ಹೋಗಿದೆ ಎಂದು ಹೊಸದು ತರಬೇಡಿ. ಒಳಗಿನ ಕ್ಯಾಮಿನ ಉಬ್ಬು ಪಂಪಿನ ಕಡ್ಡಿಯನ್ನು ಆಗಲೇ ಒತ್ತಿ ಹಿಡಿದಿರುತ್ತೆ. ಇಂಜಿನನ್ನು ಒಂದರ್ಧ ಸುತ್ತು ತಿರುಗಿಸಿದರೆ ಹಿಡಿಕೆಗೆ ಬಿಗಿ ಬರುತ್ತೆ. ಮೊದಲು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ನೊರೆ ನಿಂತು ಗುಳ್ಳೆ ಇಲ್ಲದ ಡೀಸೆಲ್ ಬಂದ ಮೇಲೆ ಬಿಗಿಯಿರಿ. ಆಮೇಲೆ ದೊಡ್ಡ ಡೀಸೆಲ್ ಪಂಪಿನ ಮೇಲಿನ ಸ್ಕ್ರೂ, ಹಾಗೆಯೇ. ಕೊನೆಗೆ ಮೂರು ನಾಝಲ್‌ಗಳ ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಸಿ. ಮೂರರಲ್ಲೂ ಡೀಸೆಲ್ ಚಿಮ್ಮಬೇಕು. ಒಂದರಲ್ಲಿ ಮಾತ್ರ ಬರದಿದ್ದರೆ ಪಂಪಿನೊಳಗೆ ಆ ಸಾಲು ಹಿಡಿದಿದೆ.

ಪಂಪಿನೊಳಗೆ ಕೈಹಾಕಬೇಡಿ. ಅದರೊಳಗಿನ ಭಾಗಗಳ ನಡುವಿನ ಸಂದು ಮೈಕ್ರಾನ್ ಲೆಕ್ಕದ್ದು, ತಲೆಗೂದಲಿಗಿಂತ ಹತ್ತಾರು ಪಾಲು ಸಣ್ಣದು. ಶೆಡ್ಡಿನಲ್ಲಿ ಬಿಚ್ಚಿದರೆ ಧೂಳಿಗೇ ಹಾಳಾಗುತ್ತೆ. ಬಿಚ್ಚುವ ಮುಂಚೆ ಪಂಪಿನ ಮೇಲೂ ಇಂಜಿನ್ ಮೇಲೂ ಒಂದೇ ಗೆರೆಯಾಗಿ ಗುರುತು ಹಾಕಿ, ಹಾಗೇ ತೆಗೆದು ಪಂಪ್ ನಾಝಲ್ ಮಾಡುವ ಅಂಗಡಿಗೆ ಕೊಡಿ. ನಾಝಲ್‌ಗಳನ್ನೂ ಜೊತೆಗೇ ಪರೀಕ್ಷೆ ಮಾಡಿಸಿ. ನಾವು ಚಿಂತಾಮಣಿಗೆ ಕೊಟ್ಟುಬಂದೆವು, ಮೂರು ದಿನ ಹಿಡಿಯಿತು.

ನಾಝಲ್‌ನಿಂದ ಬರುವ ಸಿಂಪಡಣೆಯ ಮುಂದೆ ಬೆರಳಿಡಬೇಡಿ. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ ಒತ್ತಡ, ನಾಝಲ್ ಬಾಯಲ್ಲಿ ನೂರು ಬಾರ್‌ಗೂ ಮೇಲೆ. ಅದು ಸೂಜಿಯ ಹಾಗೆ ಚರ್ಮ ದಾಟಿ ಡೀಸೆಲನ್ನು ಮಾಂಸದೊಳಕ್ಕೆ ಬಿಡುತ್ತೆ. ಹೊರಗೆ ಒಂದು ಚುಕ್ಕೆ ಗಾಯ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು, ತಡಮಾಡಿದರೆ ಬೆರಳೇ ಹೋಗುತ್ತೆ.

ಬಿಳಿ ಹೊಗೆ ಬರುತ್ತಿದ್ದರೆ

ಡೀಸೆಲ್ ಇಂಜಿನಿಗೆ ಕಿಡಿ ಕೊಡುವವರಿಲ್ಲ. ಅದುಮಿದ ಗಾಳಿಯ ಕಾವಿಗೇ ಡೀಸೆಲ್ ಹತ್ತಿಕೊಳ್ಳಬೇಕು. ರಿಂಗುಗಳು ಅಂಟಿ ಕಂಪ್ರೆಷನ್ ಸೋರಿದರೆ, ಸೆಲ್ಫ್ ನಿಧಾನಕ್ಕೆ ತಿರುಗಿದರೆ, ಪಂಪ್ ಗುರುತು ತಪ್ಪಿ ಕೂತಿದ್ದರೆ ಆ ಕಾವು ಸಾಲದು. ಮೊದಲು ಬ್ಯಾಟರಿ ಗಟ್ಟಿ ಮಾಡಿ, ನಾಝಲ್ ತೂತಿನಿಂದ ಪ್ರತಿ ಸಿಲಿಂಡರಿಗೂ ಒಂದು ಚಮಚ ಆಯಿಲ್ ಬಿಟ್ಟು, ಪಂಪಿನ ಗುರುತು ನೋಡಿ. ಆಯಿಲ್ ಬಿಟ್ಟಾಗ ಎದ್ದು, ಮಾರನೇ ದಿನ ಮತ್ತೆ ಅದೇ ಕಥೆಯಾದರೆ ರಿಂಗು ಸವೆದಿವೆ. ಎರಡು ಮೂರು ದಿನ ಓಡಿಸಿದ ಮೇಲೆ ಸುಧಾರಿಸಿದರೆ ಅಂಟಿದ್ದವು ಬಿಟ್ಟಿವೆ. ಏರ್ ಕ್ಲೀನರಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಸ್ಪ್ರೇ ಹೊಡೆಯುವುದು ಬೇಡ. ಇನ್‌ಲೆಟ್‌ನಲ್ಲಿ ಹೀಟರ್ ಇರುವ ಇಂಜಿನಿಗೆ ಅದು ಬಾಂಬಿನಷ್ಟೇ ಅಪಾಯ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಒಬ್ಬರು ಏರ್ ಪೈಪಿನ ಪಕ್ಕ ಚಪ್ಪಟೆ ಹಲಗೆ ಹಿಡಿದು ನಿಂತಿರಲಿ. ಪಂಪಿನ ಕಡ್ಡಿ ಪೂರ್ತಿ ಡೀಸೆಲ್ ಬಿಡುವ ಜಾಗದಲ್ಲಿ ಸಿಕ್ಕಿಕೊಂಡಿದ್ದರೆ ಇಂಜಿನ್ ಹುಚ್ಚು ಹಿಡಿದ ಹಾಗೆ ಏರುತ್ತೆ, ಸ್ಟಾಪ್ ಎಳೆದರೂ ನಿಲ್ಲದು. ಆಗ ಗಾಳಿ ಮುಚ್ಚುವುದೇ ತಕ್ಷಣದ ದಾರಿ. ಅಂಗೈ ಅಲ್ಲ, ಹಲಗೆಯನ್ನೇ ಇಡಬೇಕು.

ಎಲ್ಲ ಸರಿಮಾಡಿ, ಮೊದಲು ಸ್ಟಾಪ್ ಎಳೆದೇ ಸೆಲ್ಫ್ ಹೊಡೆದು ಆಯಿಲ್ ಪ್ರೆಶರ್ ಮುಳ್ಳು ಮೇಲೆದ್ದ ಮೇಲೆ, ಸ್ಟಾಪ್ ಬಿಟ್ಟೆವು. ಎರಡನೇ ಹೊಡೆತಕ್ಕೆ ಒಂದು ಸಿಲಿಂಡರ್, ಆಮೇಲೆ ಎರಡು, ತೋಪೆಲ್ಲ ಬಿಳಿ ಹೊಗೆ, ಆಮೇಲೆ ಮೂರೂ ಕೂಡಿಕೊಂಡು ಹಳೇ ಮ್ಯಾಸಿಯ ಆ ಒಂದು ಸದ್ದು ಬಂತು. ದೊಡ್ಡಪ್ಪ ಟವಲ್ಲಿನಲ್ಲಿ ಮುಖ ಒರೆಸಿಕೊಂಡು ಅತ್ತ ತಿರುಗಿದರು.

ಕ್ಲಚ್ಚಿನ ವಿಷಯ ಬೇಗ ಹೇಳಿಬಿಡುತ್ತೇನೆ. ಪೆಡಲ್ ತುಳಿದರೂ ಗೇರು "ಗರ್ರ್" ಅಂದು ಬೀಳದಿದ್ದರೆ ಪ್ಲೇಟು ಫ್ಲೈವೀಲಿಗೆ ತುಕ್ಕಿನಿಂದ ಅಂಟಿದೆ. ಪೆಡಲ್ ತುಳಿದ ಸ್ಥಿತಿಯಲ್ಲೇ ಮರದ ತುಂಡು ಕೊಟ್ಟು ಎರಡು ದಿನ ಬಿಡಿ, ಇಂಜಿನ್ ಕಾಯಿಸಿ ಮತ್ತೆ ನೋಡಿ. ನಮ್ಮದು ಅಷ್ಟಕ್ಕೇ ಬಿಟ್ಟಿತು. ಬಿಡದಿದ್ದರೆ ಗಾಡಿಯನ್ನು ನಡುವೆ ಎರಡು ಭಾಗ ಮಾಡಬೇಕು. ಟ್ರಾಕ್ಟರಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಇಂಜಿನ್ ಗೇರ್ ಬಾಕ್ಸುಗಳೇ ಅದರ ಬೆನ್ನೆಲುಬು. ಅದು ಜಾಕ್, ಚೈನ್ ಬ್ಲಾಕ್ ಇರುವವರ ಕೆಲಸ.

ಇಪ್ಪತ್ತನೇ ನಿಮಿಷ

ಶೆಡ್ಡಿನ ಮುಂದೆ ನಿಲ್ಲಿಸಿ ಓಡಿಸಿದಾಗ ಏನೂ ಆಗಲಿಲ್ಲ. ಕಲ್ಟಿವೇಟರ್ ಕಟ್ಟಿ ಹೊಲಕ್ಕಿಳಿಸಿದ ದಿನ, ಸರಿಯಾಗಿ ಇಪ್ಪತ್ತು ನಿಮಿಷಕ್ಕೆ ರೇಡಿಯೇಟರ್ ಬಾಯಿಂದ ಹಬೆ ಎದ್ದಿತು. ನಿಲ್ಲಿಸಿ, ತಣ್ಣಗಾದ ಮೇಲೆ ನೀರು ಹಾಕಿ ಹೊರಟರೆ ಮತ್ತೆ ಇಪ್ಪತ್ತು ನಿಮಿಷ. ಊರಿನ ಮೇಸ್ತ್ರಿ ಬಂದು ನೋಡಿದವರೇ, "ಗ್ಯಾಸ್ಕೆಟ್ ಹೋಗದೆ ಅಣ್ಣ, ಹೆಡ್ ಇಳಿಸ್ಬಿಡಾಣ" ಅಂದರು. ಇನ್ನೊಬ್ಬರದ್ದೂ ಅದೇ ಮಾತು.

ಹೆಡ್ ಅಂದರೆ ಸಿಲಿಂಡರುಗಳ ಮೇಲಿನ ಭಾರದ ಮುಚ್ಚಳ, ಗ್ಯಾಸ್ಕೆಟ್ ಅದರ ಕೆಳಗಿನ ತೆಳು ಹಾಳೆ. ಹೆಡ್ ಇಳಿಸುವ ಮುಂಚೆ ಮಾಡಬೇಕಾದ ಪರೀಕ್ಷೆ ಸುಲಭದ್ದು. ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಬಾಯಿವರೆಗೆ ನೀರು ತುಂಬಿ, ಮುಚ್ಚಳ ಹಾಕದೆ ಸ್ಟಾರ್ಟ್ ಮಾಡಿ. ಮೊದಲ ಒಂದೆರಡು ನಿಮಿಷ, ನೀರು ಕಾಯುವ ಮುಂಚೆಯೇ, ಗುಳ್ಳೆಗಳು ಎಡೆಬಿಡದೆ ಬರುತ್ತಿದ್ದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ, ಗ್ಯಾಸ್ಕೆಟ್ ಅಥವಾ ಹೆಡ್ ಹೋಗಿದೆ. ನಮ್ಮದರಲ್ಲಿ ಗುಳ್ಳೆ ಇರಲಿಲ್ಲ. ಆಯಿಲ್ ಮಜ್ಜಿಗೆಯಾಗಿರಲಿಲ್ಲ. ಕಾದ ಮೇಲೂ ಹೊಗೆ ಬಿಳಿಯಿರಲಿಲ್ಲ. ಮೂರೂ ಇಲ್ಲ ಅಂದ ಮೇಲೆ ಹೆಡ್ ಮುಟ್ಟಲು ಕಾರಣವಿಲ್ಲ.

ಆಗ ಥರ್ಮೋಸ್ಟಾಟ್ (ಇಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ನೋಡೋಣ ಎಂದು ಅದರ ಮುಚ್ಚಳ ಬಿಚ್ಚಿದೆ. ಒಳಗೆ ಥರ್ಮೋಸ್ಟಾಟೇ ಇಲ್ಲ. ಯಾರೋ ಹಿಂದೆಯೇ ಕಿತ್ತು ಬಿಸಾಡಿದ್ದರು. ನಮ್ಮ ಕಡೆ ಇಂಜಿನ್ ಬಿಸಿಯಾದರೆ ಮೊದಲು ಮಾಡುವ ಕೆಲಸ ಅದೇ ಅಲ್ಲವೇ. ರೇಡಿಯೇಟರ್ ಬಾಯಿಗೆ ಸರಿಯಾದ ಮುಚ್ಚಳವೂ ಇರಲಿಲ್ಲ, ಬೇರೆ ಯಾವುದರದ್ದೋ ಮುಚ್ಚಳವನ್ನು ಟ್ಯೂಬಿನ ರಬ್ಬರ್ ಕೊಟ್ಟು ಕೂರಿಸಿದ್ದರು. ಆಗ ದೊಡ್ಡಮ್ಮನ ಎರಡು ಬಿಂದಿಗೆ ನೆನಪಾಯಿತು. ಗಾಡಿ ನಿಲ್ಲುವ ಮುಂಚಿನಿಂದಲೂ ಕುದಿಯುತ್ತಿತ್ತು.

ಮುಚ್ಚಳದ ಮಾತು ಸಣ್ಣದಲ್ಲ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಸ್ಪ್ರಿಂಗ್ ಇರುವ 7 ಪೌಂಡಿನ ಮುಚ್ಚಳ ಹಾಕಿದರೆ ಆ ಮಿತಿ ಹತ್ತು ಡಿಗ್ರಿಗೂ ಮೇಲೆ ಹೋಗುತ್ತೆ, ಕುಕ್ಕರಿನ ಹಾಗೆ. ಅದಕ್ಕೇ ಬಿಸಿಯಿರುವಾಗ ಬಿಚ್ಚಿದರೆ ಮುಖ ಬೇಯುತ್ತೆ. ಕೈ ಇಟ್ಟು ತಾಳಿಕೊಳ್ಳುವಷ್ಟು ತಣ್ಣಗಾಗುವವರೆಗೆ ಮುಟ್ಟಬೇಡಿ.

ಆದರೆ ಮುಚ್ಚಳ ಹಾಕಿದರೂ ಮೂಲ ಕಾಯಿಲೆ ಉಳಿಯುತ್ತೆ. ಇಂಜಿನ್ ಕಾಯಿಸಿ ನಿಲ್ಲಿಸಿ, ಫ್ಯಾನ್ ಪೂರ್ತಿ ನಿಂತ ಮೇಲೆ, ರೇಡಿಯೇಟರಿನ ಮುಂಭಾಗಕ್ಕೆ ಅಂಗೈ ಹತ್ತಿರ ಹಿಡಿದು ಮೇಲಿಂದ ಕೆಳಗೆ ತಂದೆ. ಮೇಲೆ ಕಾವು, ನಡುವಿನ ಅರ್ಧ ಭಾಗ ತಣ್ಣಗೆ. ಅಲ್ಲಿ ನೀರೇ ಓಡುತ್ತಿಲ್ಲ. ಬಿಚ್ಚಿ ನೆಟ್ಟಗೆ ನಿಲ್ಲಿಸಿ ಒಂದು ಬಕೆಟ್ ನೀರು ಸುರಿದರೆ, ಸುರಿದಷ್ಟೇ ವೇಗವಾಗಿ ಕೆಳಗಿನ ಬಾಯಿಂದ ಬೀಳಬೇಕು. ನಮ್ಮದು ಮೇಲೆಯೇ ತುಳುಕಿ ಚೆಲ್ಲಿತು.

ನಮ್ಮ ಬೋರ್ ನೀರಿನ ಗುಣ ಗೊತ್ತೇ ಇದೆ. ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟಿಸುವ ನೀರು ರೇಡಿಯೇಟರಿನಲ್ಲೂ ಅದನ್ನೇ ಕಟ್ಟಿಸುತ್ತೆ. ಕುದಿದು ಆವಿಯಾಗುವುದು ಬರೀ ನೀರು, ಸುಣ್ಣ ಅಲ್ಲೇ ಉಳಿಯುತ್ತೆ. ದಿನಕ್ಕೆರಡು ಬಿಂದಿಗೆ ಹಾಕಿದಷ್ಟೂ ಹೊಸ ಸುಣ್ಣ, ಸುಣ್ಣ ಕಟ್ಟಿದಷ್ಟೂ ಹೆಚ್ಚು ಕುದಿತ, ಕುದಿದಷ್ಟೂ ಇನ್ನೊಂದು ಬಿಂದಿಗೆ.

ಹಳೇ ಗಾಡಿಯ ರೇಡಿಯೇಟರ್ ತಾಮ್ರ ಹಿತ್ತಾಳೆಯದು, ಬೆಸುಗೆ ಹಾಕಿದ್ದು. ಕೆಲಸ ಬಲ್ಲ ಅಂಗಡಿಯವರು ಮೇಲಿನ ಕೆಳಗಿನ ತೊಟ್ಟಿ ಬಿಚ್ಚಿ, ಒಂದೊಂದು ಕೊಳವೆಗೂ ತೆಳ್ಳನೆ ಕಡ್ಡಿ ಹೊಡೆದು ಕೊಡುತ್ತಾರೆ. ಅದನ್ನು ಮಾಡಿಸಿ. ಬಾತ್‌ರೂಮ್ ತೊಳೆಯುವ ಆಸಿಡ್ ಸುರಿದರೆ ಸುಣ್ಣದ ಜೊತೆ ಬೆಸುಗೆಯೂ ಹೋಗುತ್ತೆ, ಇಂಜಿನ್ನಿನ ಬೀಡು ಕಬ್ಬಿಣವನ್ನೂ ತಿನ್ನುತ್ತೆ.

ರೇಡಿಯೇಟರ್ ಸರಿಯಾದರೆ ಸಾಲದು, ಬ್ಲಾಕಿನೊಳಗೂ ಅದೇ ಸುಣ್ಣ. ಬ್ಲಾಕಿನ ಪಕ್ಕದ ನಲ್ಲಿ ತಿರುಗಿಸಿದರೆ ಹನಿಯೂ ಬರಲಿಲ್ಲ. ನಲ್ಲಿಯನ್ನೇ ಬಿಚ್ಚಿ ಗಟ್ಟಿ ತಂತಿ ಹಾಕಿ ತಿವಿದ ಮೇಲೆ ಕೆಮ್ಮಣ್ಣಿನಂಥ ಕೆಸರು ಅರ್ಧ ಬಾಂಡ್ಲಿ ಬಂತು. ಅಷ್ಟೂ ಹಿಂದಿನ ಸಿಲಿಂಡರಿನ ಸುತ್ತ ಕೂತಿತ್ತು. ಉಳಿದ ಹಕ್ಕಳೆಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್). ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕುವುದೂ ಹುಳಿಯ ಬಲಕ್ಕೇ ಅಲ್ಲವೇ, ಇಲ್ಲೂ ಅಷ್ಟೇ. ಲೀಟರ್ ನೀರಿಗೆ ಐವತ್ತು ಗ್ರಾಂ ಲೆಕ್ಕದಲ್ಲಿ ಕರಗಿಸಿ ತುಂಬಿ, ಅರ್ಧ ಗಂಟೆ ಮೆಲ್ಲಗೆ ಓಡಿಸಿ, ತಣ್ಣಗಾದ ಮೇಲೆ ಖಾಲಿ ಮಾಡಿ. ನಾವು ಮೂರು ಸಲ ಮಾಡಿದೆವು. ಮೊದಲ ಸಲ ಕಾಫಿಯಂತೆ, ಮೂರನೇ ಸಲ ತಿಳಿ ಚಹಾದಂತೆ ಬಂತು. ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರು ಒಂದು ಸಲ, ಬರೀ ನೀರು ಎರಡು ಸಲ. ಇಷ್ಟಾದ ಮೇಲೆ ಎಲ್ಲಾದರೂ ಸೋರತೊಡಗಿದರೆ ಗಾಬರಿ ಬೇಡ, ಅಲ್ಲಿಯವರೆಗೆ ಸುಣ್ಣವೇ ತೂತು ಮುಚ್ಚಿತ್ತು. ನಮ್ಮ ವಾಟರ್ ಪಂಪಿನ ಸೀಲು ಹಾಗೇ ಸೋರಿತು, ಹೊಸದು ಹಾಕಿಸಿದೆವು.

ಹೊಸ ಥರ್ಮೋಸ್ಟಾಟನ್ನು ಕೂರಿಸುವ ಮುಂಚೆ ಬಿಸಿನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಸಿ, ನೀರು ಕುದಿಯುವ ಮುಂಚೆ ಬಾಯಿ ತೆರೆಯುತ್ತಾ ನೋಡಿ. "ಬೇಡ, ಇಲ್ಲದೇ ಇದ್ರೆ ತಣ್ಣಗಿರತ್ತೆ" ಎನ್ನುವವರಿಗೆ ಒಂದು ಮಾತು: ಅದಿಲ್ಲದೆ ಇಂಜಿನ್ ಕಾಯಬೇಕಾದಷ್ಟು ಕಾಯುವುದೇ ಇಲ್ಲ, ಡೀಸೆಲ್ ಸರಿಯಾಗಿ ಉರಿಯದೆ ಆಯಿಲ್‌ಗೆ ಇಳಿಯುತ್ತೆ, ಲೈನರ್ ಬೇಗ ಸವೆಯುತ್ತೆ. ಇನ್ನು ತುಂಬುವ ನೀರು. ನಮ್ಮ ಊರಿನ ಶುದ್ಧ ನೀರಿನ ಘಟಕದಲ್ಲಿ ಕ್ಯಾನ್ ಲೆಕ್ಕದಲ್ಲಿ ಸಿಗುತ್ತೆ, ಸುಣ್ಣ ತೆಗೆದ ಆರ್.ಒ. ನೀರು. ನಮ್ಮ ಗಾಡಿಗೆ ಹತ್ತು ಲೀಟರ್ ಹತ್ತಿರ ಹಿಡಿಯಿತು. ಅದಕ್ಕೆ ಕೂಲಂಟ್ ಬೆರೆಸಿ ತುಂಬಿದೆವು. ಬರೀ ಆರ್.ಒ. ನೀರು ತುಂಬಿದರೆ ಸುಣ್ಣ ಕಟ್ಟದಿದ್ದರೂ ತುಕ್ಕು ಹಿಡಿಯುತ್ತೆ, ಕೂಲಂಟ್ ಬಿಡಬೇಡಿ.

ಹೊಲಕ್ಕಿಳಿದ ಮೇಲೆ

ಮೊದಲ ಹತ್ತು ಗಂಟೆ ಓಡಿದ ಮೇಲೆ ಇಂಜಿನ್ ಆಯಿಲ್ ಮತ್ತೊಮ್ಮೆ ಬದಲಾಯಿಸಿ, ಡೀಸೆಲ್ ಫಿಲ್ಟರ್ ಬಟ್ಟಲಲ್ಲಿ ನೀರು ಕೂತಿದೆಯಾ ನೋಡಿ, ಹೆಡ್ ಬೋಲ್ಟು, ಚಕ್ರದ ನಟ್ಟು ಬಿಗಿ ನೋಡಿ. ಹೊಗೆ ಕಪ್ಪಗಿದ್ದರೆ ಏರ್ ಕ್ಲೀನರ್ ಅಥವಾ ನಾಝಲ್. ನೀಲಿಯಿದ್ದರೆ ಆಯಿಲ್ ಉರಿಯುತ್ತಿದೆ, ಆದರೆ ಅಂಟಿದ ರಿಂಗುಗಳು ಬಿಡುವವರೆಗೆ ಒಂದಿಷ್ಟು ದಿನ ನೀಲಿ ಇದ್ದೇ ಇರುತ್ತೆ, ಕಾದು ನೋಡಿ. ಎರಡು ಬ್ರೇಕಿನ ಪೆಡಲುಗಳೂ ಒಂದೇ ಸಮ ಹಿಡಿಯುತ್ತಿವೆಯೇ ಎಂದು ಖಾಲಿ ಹೊಲದಲ್ಲಿ ಪರೀಕ್ಷಿಸಿ, ಆಮೇಲೆ ರಸ್ತೆಗೆ ಹೋಗಿ. ಹಿಂದಿನ ಟೈರಿಗೆ ಭಾರಕ್ಕೆಂದು ಬೋರ್ ನೀರು ತುಂಬಿದ್ದರೆ ವಾಲ್ವಿನ ಸುತ್ತ ರಿಮ್ ತುಕ್ಕು ತಿಂದಿರುತ್ತೆ, ಅಲ್ಲೊಮ್ಮೆ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ.

ನಮ್ಮ ಗಾಡಿಯ ಹೈಡ್ರಾಲಿಕ್ ಇನ್ನೂ ಪೂರ್ತಿ ಸರಿಯಾಗಿಲ್ಲ. ಆಯಿಲ್ ಬೆಳ್ಳಗಾಗಿತ್ತು, ಬದಲಾಯಿಸಿ ಫಿಲ್ಟರ್ ತೊಳೆದ ಮೇಲೆ ಕಲ್ಟಿವೇಟರ್ ಎತ್ತುತ್ತೆ. ಆದರೆ ಇಂಜಿನ್ ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ತಾನಾಗಿ ನೆಲಕ್ಕೆ ಇಳಿದುಬಿಡುತ್ತೆ. ಒಳಗಿನ ಪಿಸ್ಟನ್ ರಿಂಗೋ ಕಂಟ್ರೋಲ್ ವಾಲ್ವೋ ಸೋರುತ್ತಿದೆ. ರಾಗಿ ಒಕ್ಕಣೆ ಮುಗಿಯುವವರೆಗೆ ಅದನ್ನು ಬಿಚ್ಚುವುದಿಲ್ಲ ಎಂದು ದೊಡ್ಡಪ್ಪ ಹೇಳಿದ್ದಾರೆ. ಅಲ್ಲಿಯವರೆಗೆ ಎತ್ತಿದ ಕಲ್ಟಿವೇಟರಿನ ಕೆಳಗೆ ಯಾರೂ ಕೂರುವ ಹಾಗಿಲ್ಲ. ನಿಲ್ಲಿಸಿದಾಗಲೆಲ್ಲ ಮೊದಲು ಅದನ್ನು ನೆಲಕ್ಕೆ ಇಳಿಸಿ, ಆಮೇಲೆ ಕೀ ತೆಗೆಯುತ್ತೇವೆ.